ಜಡೆ ಹಾಕಿದ ಪೊಟ್ಟಣ

ಎರಕದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಆಕೆಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರ ಬಾಯಲ್ಲೆಲ್ಲ ಆಕೆ ಪೊಟ್ಟಣದಕ್ಕ. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಗುರುವಾರವೂ ಅಲ್ಲಿ ಮಧ್ಯಾಹ್ನದ ಊಟವೆಂದರೆ ಹ್ಯಾಮ್ ಪೊಟ್ಟಣ. ಆ ಒಂದು ದಿನ ಮನೆಯಿಂದ ಡಬ್ಬಿ ತರುವವರೂ ಡಬ್ಬಿ ಬಿಟ್ಟು ಬರುತ್ತಿದ್ದರು.

ಅದರಲ್ಲಿ ಮಹಾ ವಿದ್ಯೆಯೇನೂ ಇರಲಿಲ್ಲ. ಉಪ್ಪು ಹಾಕಿ ಹೊಗೆಯಲ್ಲಿ ಹದ ಮಾಡಿದ ಹಂದಿತೊಡೆಯ ಮಾಂಸದ್ದು ಅಂಗೈಯಗಲದ ಒಂದು ತುಂಡು. ಅದರ ಕೆಳಗೆ ಬಿಲ್ಲೆಯಾಗಿ ಹೆಚ್ಚಿದ ಸಿಹಿಗೆಣಸು, ಮೇಲೆ ಈರುಳ್ಳಿ, ಒಂದು ಸುತ್ತು ಅನಾನಸು. ಬೆಲ್ಲ, ಬೆಣ್ಣೆ, ನುಣ್ಣಗೆ ಅರೆದ ಸಾಸಿವೆ ಇಷ್ಟನ್ನು ಕಲಸಿ ಎಲ್ಲದರ ಮೇಲೂ ಒಂದು ಚಮಚ ಸುರಿದು, ಅಲ್ಯೂಮಿನಿಯಂ ಫಾಯಿಲಿನಲ್ಲಿ ಗಾಳಿಯಾಡದಂತೆ ಸುತ್ತಿ ಓವನ್ನಿಗೆ ತಳ್ಳಿದರೆ ಮುಕ್ಕಾಲು ಗಂಟೆಗೆ ಊಟ ಸಿದ್ಧ. "ಹೆಚ್ಚು, ಸುರಿ, ಸುತ್ತು. ಮಿಕ್ಕಿದ್ದನ್ನ ಹಬೆನೇ ಮಾಡ್ಕೊಳ್ಳುತ್ತೆ, ನಮ್ಮದೇನಿದೆ?" ಎಂದು ಅಕ್ಕ ಹೇಳುತ್ತಿದ್ದಳು.

ಆದರೆ ಅವಳದ್ದೇ ಆದದ್ದು ಒಂದಿತ್ತು. ನಲವತ್ತೊಂದು ಜನರ ನಾಲಿಗೆ ನಲವತ್ತೊಂದು ಬಗೆ. ಒಬ್ಬರಿಗೆ ಅನಾನಸು ಆಗದು, ಇನ್ನೊಬ್ಬರಿಗೆ ಕೊಬ್ಬು ಬೇಡ, ಮತ್ತೊಬ್ಬರಿಗೆ ಈರುಳ್ಳಿ ಕಂಡರೆ ಮೂಗು ಸಿಂಡರಿಸುವ ಅಭ್ಯಾಸ. ಸುತ್ತಿಟ್ಟ ಮೇಲೆ ಎಲ್ಲವೂ ಒಂದೇ ಬೆಳ್ಳಿ ಮುದ್ದೆ. ಅದಕ್ಕಾಗಿ ಅಕ್ಕ ಫಾಯಿಲಿನ ತುದಿಗಳನ್ನೇ ಹಂದಿಯ ಕಿವಿ, ಮೂತಿಯಂತೆ ಮಡಿಸಿ ಗುರುತು ಮಾಡುತ್ತಿದ್ದಳು. ಕೊಬ್ಬಿಲ್ಲದ್ದಕ್ಕೆ ಒಂದು ಕಿವಿ, ಅನಾನಸಿಲ್ಲದ್ದಕ್ಕೆ ಎರಡು ಕಿವಿ, ಈರುಳ್ಳಿಯಿಲ್ಲದ್ದಕ್ಕೆ ಮೂತಿ. ಹಿಂದೆ ಮೇಲ್ವಿಚಾರಕರೊಬ್ಬರು ಪೆನ್ನು ಕೊಟ್ಟು ಹೆಸರು ಬರೆಯಲು ಹೇಳಿದ್ದರು. ಓವನ್ನಿನ ಕಾವಿಗೆ ಶಾಯಿ ಹರಡಿ ಹೋಯಿತು. "ಶಾಯಿ ಬೆಂಕಿಗೆ ಹೆದರುತ್ತೆ ಸಾರ್, ಮಡಿಕೆ ಹೆದರಲ್ಲ" ಎಂದು ನಕ್ಕಿದ್ದಳು. ಯಾವ ಮಡಿಕೆಗೆ ಯಾವ ಅರ್ಥ ಎಂಬುದನ್ನು ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ. ತಿನ್ನುವವರಿಗೆ ತಮ್ಮ ತಮ್ಮ ಗುರುತು ಗೊತ್ತಿತ್ತು, ಅಷ್ಟೆ. ಪೂರ್ತಿ ಲಿಪಿ ಅವಳೊಬ್ಬಳ ಬೆರಳಿನಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಮೂವತ್ತಾರರ ವಯಸ್ಸಿನಲ್ಲಿ ಈ ಅಡುಗೆಮನೆಗೆ ಕಾಲಿಟ್ಟವಳು. ತನ್ನನ್ನು ಬಿಟ್ಟರೆ ಈ ಕೆಲಸ ಇನ್ನೊಬ್ಬರಿಂದ ಆಗದು ಎಂಬ ಮಾತು ಅವಳ ಬೆನ್ನಿಗೆ ಗೋಡೆಯಂತೆ ಇತ್ತು.

ಎಲ್ಲ ಮಡಿಕೆಗಳಿಗಿಂತ ದೊಡ್ಡದು ಜಡೆ. ಫಾಯಿಲಿನ ತುದಿಯನ್ನು ಮೂರು ಎಳೆ ಮಾಡಿ ಹೆಣೆದ ಪುಟ್ಟ ಜಡೆ, ನಲವತ್ತೊಂದರಲ್ಲಿ ಒಂದಕ್ಕೆ ಮಾತ್ರ. ಅದು ಮೋಡಣ್ಣನದು.

ಮೋಡಣ್ಣನೆಂದರೆ ಎರಕದ ಶೆಡ್ಡಿನಲ್ಲಿ ಕ್ರೇನ್ ನಡೆಸುವವನು. ಮೂವತ್ತು ಅಡಿ ಎತ್ತರದ ಗಾಜಿನ ಗೂಡಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಕುಳಿತಿರುತ್ತಿದ್ದುದರಿಂದ ಆ ಹೆಸರು. ಊಟಕ್ಕೂ ಕೆಳಗಿಳಿಯುತ್ತಿರಲಿಲ್ಲ. ಹಗ್ಗಕ್ಕೆ ಕಟ್ಟಿದ ಚೀಲ ಇಳಿಬಿಟ್ಟರೆ ಪೊಟ್ಟಣ ಅದರಲ್ಲಿ ಮೇಲೇರುತ್ತಿತ್ತು. ಅವನಿಗೆ ಸಾಸಿವೆ ವಿಷ. ಹದಿಮೂರು ವರ್ಷದ ಹಿಂದೆ ಯಾರದೋ ಮನೆಯ ಸಮಾರಂಭದಲ್ಲಿ ಒಂದು ತುತ್ತು ತಿಂದು, ಗಂಟಲು ಮುಚ್ಚಿಕೊಂಡು, ತುಟಿ ನೀಲಿಗಟ್ಟಿ ಅವನು ಬಿದ್ದದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ಆ ವಾರದಿಂದಲೇ ಅವನಿಗೆ ಸಾಸಿವೆಯಿಲ್ಲದ ಪೊಟ್ಟಣ, ಅದಕ್ಕೆ ಜಡೆ ಶುರುವಾಯಿತು.

ಆ ಗುರುವಾರ ಅಕ್ಕನ ಮೊಣಕಾಲು ಊದಿಕೊಂಡಿತ್ತು. ಯಾವಾಗಲೂ ಜೊತೆಗಿರುತ್ತಿದ್ದ ಸಹಾಯಕಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಅವಳ ಬದಲಿಗೆ ಅಕ್ಕನ ನಾದಿನಿ, ಗಂಡನ ತಂಗಿ, ಒಂದು ವಾರದ ಮಟ್ಟಿಗೆ ಬಂದಿದ್ದಳು. ಆಕೆ ಇಪ್ಪತ್ತು ವರ್ಷ ಶರ್ಟಿನ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡಿ ಮಡಿಸಿ ಡಬ್ಬಿಗೆ ತುಂಬುವ ಕೆಲಸ ಮಾಡಿದ್ದವಳು. ಎಲ್ಲಾದರೂ ಒಂದು ಮೂಲೆ ಸೊಟ್ಟಗಿದ್ದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

ಹತ್ತೂವರೆಗೆ ಪೊಟ್ಟಣಗಳೆಲ್ಲ ಎರಡು ತಟ್ಟೆಗಳಲ್ಲಿ ಸಿದ್ಧವಾಗಿದ್ದವು. ಅಷ್ಟರಲ್ಲಿ ಹಿಂಬಾಗಿಲಲ್ಲಿ ಬ್ರೆಡ್ಡಿನ ಗಾಡಿ ಹಾರ್ನ್ ಮಾಡಿತು.

"ಅತ್ತಿಗೆ, ಒಳಗೆ ಇಟ್ಬಿಡ್ಲಾ?"

"ಇಟ್ಬಿಡು. ಮುಕ್ಕಾಲು ಗಂಟೆ ಆದ್ಮೇಲೆ ತೆಗೆದು ಒಂದು ತಟ್ಟೆ ಗಾಡಿ ಮೇಲೆ ಇಟ್ಕೊಂಡು ಶೆಡ್ಡಿಗೆ ಹೋಗು, ನನ್ನ ಕಾಲು ಬರಲ್ಲ ಇವತ್ತು. ಮೇಲಿನ ತಟ್ಟೆ ಮೂಲೇಲಿ ಒಂದಿದೆ ನೋಡು, ಅದನ್ನ ಕ್ರೇನಿನವರ ಹಗ್ಗಕ್ಕೆ ಕಟ್ಟು. ಮರೀಬೇಡ."

ಜಡೆ ಇರುವುದು ಎಂದು ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ಸೇರಿಸಲಿಲ್ಲ. ಹೇಳುವ ಅಭ್ಯಾಸವೇ ಇರಲಿಲ್ಲ.

ಗಾಡಿಯವನು ತಂದ ಬ್ರೆಡ್ಡು ಕಡಮೆಯಿತ್ತು, ತಂದದ್ದರಲ್ಲೂ ಅರ್ಧ ನಿನ್ನೆಯದು. ಅವನೊಡನೆ ಜಗಳವಾಡಿ ಹೊಸದನ್ನು ತರಿಸಿ, ಹೋಳು ಮಾಡಿ ಮುಗಿಸುವ ಹೊತ್ತಿಗೆ ಹನ್ನೆರಡಾಗುತ್ತ ಬಂದಿತ್ತು. ನಾದಿನಿ ಆಗಲೇ ತಳ್ಳುಗಾಡಿಯೊಂದಿಗೆ ಶೆಡ್ಡಿಗೆ ಹೋಗಿದ್ದಳು. ಕೌಂಟರಿನ ಮುಂದೆ ಎಂದಿನಂತೆ ಮೊದಲು ಬಂದು ನಿಂತವರು ಅನಾನಸು ತಿನ್ನದ, ಕಾರ್ಖಾನೆಯ ಸ್ಟೋರಿನವರು.

ಅಕ್ಕ ಎರಡು ಕಿವಿಯ ಪೊಟ್ಟಣಕ್ಕಾಗಿ ತಟ್ಟೆಯ ಮೇಲೆ ಕಣ್ಣಾಡಿಸಿದಳು. ಮತ್ತೊಮ್ಮೆ ಆಡಿಸಿದಳು.

"ಏನಕ್ಕ, ನನ್ನ ಹಂದಿ ತಪ್ಪಿಸ್ಕೊಂಡು ಹೋಯ್ತಾ? ಇಷ್ಟೊತ್ತು ಹುಡುಕ್ತಿದೀರಾ?" ಎಂದು ಸ್ಟೋರಿನವರು ನಕ್ಕರು.

ಕಿವಿಯೂ ಇರಲಿಲ್ಲ, ಮೂತಿಯೂ ಇರಲಿಲ್ಲ. ಅಳತೆ ಹಿಡಿದು ಮಡಿಸಿದ ಹಾಗೆ ಇಪ್ಪತ್ತು ಪೊಟ್ಟಣಗಳು ಚೌಕವಾಗಿ, ಸಾಲಾಗಿ ಮಿರುಗುತ್ತಿದ್ದವು. ಅದೇ ಗಳಿಗೆಗೆ ನಾದಿನಿ ಖಾಲಿ ಗಾಡಿ ತಳ್ಳಿಕೊಂಡು ಒಳಗೆ ಬಂದಳು.

"ಇದರ ತುದಿಗಳು ಏನಾದ್ವೇ?"

"ಒಂದೊಂದು ಒಂದೊಂದು ಥರ ಸೊಟ್ಟಗಿತ್ತು ಅತ್ತಿಗೆ. ಪಾಪ, ಕಾಲುನೋವಲ್ಲಿ ಮಾಡಿದೀರಲ್ಲ ಅಂತ ಎಲ್ಲ ನೇರ ಮಾಡಿ, ಸಾಲಾಗಿ ಜೋಡಿಸಿ ಆಮೇಲೆ ಓವನ್ನಿಗಿಟ್ಟೆ. ಈಗ ನೋಡಿ, ಹೊಸ ಶರ್ಟ್ ಇದ್ದ ಹಾಗಿಲ್ವಾ?"

"ಕ್ರೇನಿನವರಿಗೆ ಯಾವುದು ಕಟ್ಟಿದೆ?"

"ಮೂಲೇದು. ನೀವೇ ಹೇಳಿದ್ರಲ್ಲ."

"ಯಾವ ಮೂಲೇದು?"

ನಾದಿನಿಯ ನಗು ಅಲ್ಲಿಗೇ ನಿಂತಿತು. ತಟ್ಟೆಗೆ ಮೂಲೆಗಳು ನಾಲ್ಕು.

ಅಕ್ಕ ಸ್ಟೋರಿನವರ ತೋಳು ಹಿಡಿದಳು. "ಓಡಿ. ನರ್ಸಮ್ಮನ್ನ ಕ್ರೇನ್ ಹತ್ರ ಕರ್ಕೊಂಡು ಬನ್ನಿ. ಮೋಡಣ್ಣ, ಸಾಸಿವೆ, ಅಷ್ಟು ಹೇಳಿ ಸಾಕು. ಇಂಜೆಕ್ಷನ್ ಅವರ ಹತ್ರಾನೇ ಇದೆ."

ಕ್ಯಾಂಟೀನಿನಿಂದ ಶೆಡ್ಡಿಗೆ ಇನ್ನೂರು ಹೆಜ್ಜೆ. ಬೆಳಗ್ಗೆಯಿಂದ ಮಡಚಲಾಗದ ಕಾಲನ್ನು ಎಳೆದುಕೊಂಡು ಅವಳು ಹೇಗೆ ಓಡಿದಳೋ ಅವಳಿಗೇ ತಿಳಿಯಲಿಲ್ಲ. ಊಟಕ್ಕೆ ಆರಾಮಾಗಿ ಬರುತ್ತಿದ್ದವರು ಇಬ್ಬದಿಗೂ ಸರಿದು ದಾರಿ ಬಿಟ್ಟರು. ಶೆಡ್ಡಿನೊಳಗೆ ಕುಲುಮೆಗೆ ಗಾಳಿಯೂದುವ ಯಂತ್ರ ಭೋರಿಡುತ್ತಿತ್ತು. ಪಕ್ಕದಲ್ಲಿದ್ದವರ ಮಾತೂ ಕೇಳಿಸದ ಸದ್ದು. ಕಂಬದ ಬುಡದಲ್ಲಿ, ಕ್ರೇನಿಗೆ ಕೈಸನ್ನೆ ಕೊಡುವ ಶಿಳ್ಳೆ ಮಾಮ ಕಾಲು ಚಾಚಿ ಕುಳಿತು ತನ್ನ ಪೊಟ್ಟಣ ಬಿಚ್ಚಿದ್ದರು.

"ಮೋಡಣ್ಣಂಗೆ ತಿನ್ನಬೇಡ ಅನ್ನಿ! ಅದ್ರಲ್ಲಿ ಸಾಸಿವೆ ಇದೆ!" ಎಂದು ಅವರ ಕಿವಿಗೆ ಬಾಯಿಟ್ಟು ಕೂಗಿದಳು.

ಮಾಮನ ಕೈಯಲ್ಲಿದ್ದ ತುತ್ತು ಬಿತ್ತು. ಎದ್ದು ಶಿಳ್ಳೆ ಹೊಡೆದರು, ಎರಡೂ ಕೈ ಬೀಸಿದರು. ಮೇಲಿನ ಗಾಜಿನ ಗೂಡಿನಲ್ಲಿ ಮೋಡಣ್ಣನ ಬೆನ್ನು ಕಾಣುತ್ತಿತ್ತು, ಬಗ್ಗಿದ ತಲೆ ಕಾಣುತ್ತಿತ್ತು. ಆ ತಲೆ ಒಮ್ಮೆ ಮೇಲೆದ್ದು ಮತ್ತೆ ಬಗ್ಗಿತು. ತಿನ್ನುತ್ತಿದ್ದಾನೆ.

"ಫೋನ್ ಮಾಡಿ!"

"ಫೋನ್ ಕೆಳಗೇ ಇಟ್ಟು ಹತ್ಬೇಕಲ್ಲ, ರೂಲ್ಸು. ನಾನೇ ಹತ್ತೀನಿ ಇರಿ" ಎಂದು ಮಾಮ ಏಣಿಯತ್ತ ಓಡಿದರು. ಏಣಿ ಇದ್ದದ್ದು ಶೆಡ್ಡಿನ ಆ ತುದಿಯಲ್ಲಿ. ಮಾಮನ ವಯಸ್ಸು ಐವತ್ತೆಂಟು, ಹೊಟ್ಟೆ ಅದಕ್ಕೂ ಮುಂದೆ. ಅವರು ಮೇಲೆ ಮುಟ್ಟುವಷ್ಟರಲ್ಲಿ ಪೊಟ್ಟಣ ಖಾಲಿಯಾಗುತ್ತದೆ ಎಂದು ಅಕ್ಕನಿಗೆ ಗೊತ್ತಿತ್ತು.

ಕಂಬದ ಮೇಲೆ, ತಲೆಯ ಎತ್ತರಕ್ಕೆ, ಕ್ರೇನಿನ ಕರೆಂಟು ಕಡಿಯುವ ಕೆಂಪು ಹಿಡಿಯಿತ್ತು. ಎಲೆಕ್ಟ್ರಿಷಿಯನ್ ಹೊರತು ಯಾರೂ ಮುಟ್ಟಕೂಡದು ಎಂಬ ಫಲಕ ಅದರ ಮೇಲೆಯೇ ಇತ್ತು. ಅದನ್ನು ಮುಟ್ಟಿದವರನ್ನು ಮರುದಿನ ಗೇಟಿನೊಳಗೆ ಬಿಡುವುದಿಲ್ಲವೆಂಬುದೂ ಎಲ್ಲರಿಗೂ ತಿಳಿದದ್ದೇ. ಅಕ್ಕ ಮೊದಲು ಭಾರ ಎತ್ತುವ ಕೊಕ್ಕೆಯತ್ತ ನೋಡಿದಳು. ಕೊಕ್ಕೆ ಖಾಲಿಯಿತ್ತು, ಅದರ ಕೆಳಗೆ ಯಾರೂ ಇರಲಿಲ್ಲ. ಆಮೇಲೆ ಎರಡೂ ಕೈಯಿಂದ ಹಿಡಿಗೆ ಜೋತುಬಿದ್ದಳು.

"ಏಯ್, ಮುಟ್ಬೇಡಿ! ಯಾರ್ರೀ ಅದು?" ದೂರದಿಂದ ಎಲೆಕ್ಟ್ರಿಷಿಯನ್ ಬಾಯಿ ತೆರೆದದ್ದು ಕಂಡಿತು, ಸದ್ದು ಕೇಳಲಿಲ್ಲ. ಹಿಡಿ ಕೆಳಗೆ ಬಂತು.

ಗೂಡಿನ ದೀಪ ಆರಿತು. ಫ್ಯಾನು ನಿಧಾನವಾಗಿ ನಿಂತಿತು. ಮೋಡಣ್ಣ ತಲೆಯೆತ್ತಿ, ಹಿಂದೆ ತಿರುಗಿ ಗಾಜಿನಿಂದ ಕೆಳಗೆ ಬಗ್ಗಿ ನೋಡಿದ. ಅಕ್ಕ ಬಾಯಿಗೆ ಬೆರಳಿಟ್ಟು ತೋರಿಸಿ, ಎರಡೂ ಕೈಗಳನ್ನು ಅಡ್ಡಡ್ಡ ಬೀಸಿದಳು. ಒಂದು ಗಳಿಗೆ ಅವನು ಹಾಗೆಯೇ ನೋಡಿದ. ಅನಂತರ ಕೈಯನ್ನು ಗಂಟಲ ಮೇಲಿಟ್ಟುಕೊಂಡ.

ಅವನು ಏಣಿಯಲ್ಲಿ ಅರ್ಧ ಇಳಿಯುವಷ್ಟರಲ್ಲಿ ಮಾಮ ಎದುರಾದರು. ಒಂದೊಂದೇ ಮೆಟ್ಟಿಲಿಗೆ ಅವನ ಕಾಲನ್ನು ಹಿಡಿದು ಇಡಿಸುತ್ತ ಇಳಿಸಿದರು. ನೆಲ ಮುಟ್ಟಿದಾಗ ಅವನ ತುಟಿ ಊದಿತ್ತು, ಕಣ್ಣು ಮುಚ್ಚಿಹೋಗುವಷ್ಟು ರೆಪ್ಪೆ ಉಬ್ಬಿತ್ತು. ಉಸಿರು ಎಳೆದುಕೊಂಡಾಗ ಮುಚ್ಚಿದ ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗಿದಂಥ ಶಬ್ದ ಬರುತ್ತಿತ್ತು. ನರ್ಸಮ್ಮ ಓಡಿಬಂದವರು ಮಂಡಿಯೂರಿ, ಪ್ಯಾಂಟಿನ ಮೇಲಿಂದಲೇ ತೊಡೆಗೆ ಇಂಜೆಕ್ಷನ್ ಚುಚ್ಚಿದರು.

"ಮಲಗಿಸಿ, ಕಾಲು ಮೇಲೆ ಮಾಡಿ. ಗಾಳಿ ಬಿಡ್ರೀ, ಏನು ಜಾತ್ರೆ ನೋಡ್ತೀರಾ!"

ಗುಂಪು ಹಿಂದೆ ಸರಿಯಿತು. ಅಕ್ಕ ಮಾತ್ರ ಸರಿಯಲಿಲ್ಲ. ಅವನ ಎದೆ ಏಳುತ್ತದೆಯೇ, ಇಳಿಯುತ್ತದೆಯೇ ಎಂದು ನೋಡುತ್ತ ನೆಲದಲ್ಲಿ ಕುಳಿತಿದ್ದಳು. ಎದೆ ಏಳುವಾಗ ತಾನೂ ಉಸಿರೆಳೆಯುತ್ತಿದ್ದಳು. ಒಂದು ಸಲ ಅದು ಏಳಲು ಬಹಳ ತಡಮಾಡಿತು. ಹಿಂದೆಯೇ ಓಡಿಬಂದಿದ್ದ ನಾದಿನಿ ಅವಳ ಹೆಗಲು ಹಿಡಿದುಕೊಂಡಿದ್ದಳು.

ಐದು ನಿಮಿಷವಾಯಿತೋ ಹತ್ತಾಯಿತೋ, ಉಸಿರಿನ ಕೀರಲು ಸ್ವಲ್ಪ ಸ್ವಲ್ಪವೇ ಇಳಿಯಿತು. ಅವನ ತುಟಿಗೆ ಬಣ್ಣ ಬಂತು. ಆಂಬುಲೆನ್ಸಿಗೆ ಎತ್ತುವ ಮುಂಚೆ ಅವನು ಅಕ್ಕನತ್ತ ಬೆರಳಾಡಿಸಿದ. ಅವಳು ಬಾಗಿದಳು.

"ಜಡೆ ಇರ್ಲಿಲ್ಲ ಅಕ್ಕ" ಎಂದ, ಒಡಕು ದನಿಯಲ್ಲಿ. "ನೋಡ್ದೆ. ಇಲ್ವಲ್ಲ ಅನ್ಕೊಂಡೆ. ಆದ್ರೂ ನೀವು ಕಳ್ಸಿದ್ದಲ್ವಾ ಅಂತ ತಿಂದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಕ್ಕ ಅವನ ಅಂಗೈಯನ್ನು ಒಮ್ಮೆ ಒತ್ತಿ ಬಿಟ್ಟಳು.

ಎರಡು ಗಂಟೆಗೆ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಅಕ್ಕನನ್ನು ತಮ್ಮ ಕೋಣೆಗೆ ಕರೆಸಿದರು. ಎಲೆಕ್ಟ್ರಿಷಿಯನ್ ಆಗಲೇ ಅಲ್ಲಿದ್ದ. ನಾದಿನಿ ಮುಖ ಊದುವಷ್ಟು ಅತ್ತು ಬಾಗಿಲ ಬಳಿ ನಿಂತಿದ್ದಳು.

"ಎಲ್ಲ ನನ್ನಿಂದ ಸಾರ್. ಅತ್ತಿಗೆದು ಏನೂ ಇಲ್ಲ" ಎಂದು ಅಕ್ಕ ಒಳಗೆ ಬಂದ ಕೂಡಲೇ ಅವಳು ಹೇಳಿದಳು.

"ನೀನು ಸುಮ್ನಿರು" ಎಂದಳು ಅಕ್ಕ. "ಬಿಚ್ಚಿದ್ದು ಇವಳ ಕೈ ಸಾರ್. ಆದ್ರೆ ಅದು ಗುರುತು ಅಂತ ಇವಳಿಗೆ ನಾನು ಹೇಳೇ ಇಲ್ಲ. ಇವಳಿಗೆ ಅಂತಲ್ಲ, ಯಾರಿಗೂ ಹೇಳಿಲ್ಲ."

"ಅಂದ್ರೆ ನಿಮ್ಮೊಬ್ಬರಿಗೆ ಮಾತ್ರ ಗೊತ್ತು?"

"ಹೌದು."

"ನೀವು ರಜ ಹಾಕಿದ ಗುರುವಾರ ಏನ್ ಮಾಡ್ತಿದ್ರು?"

"ಗುರುವಾರ ನಾನು ರಜ ಹಾಕಿಲ್ಲ ಸಾರ್. ಜ್ವರ ಬಂದಾಗ್ಲೂ ಬಂದಿದೀನಿ."

ಹೇಳುವಾಗ ಅದು ಎಂದಿನಂತೆ ಹೆಮ್ಮೆಯ ಮಾತಾಗಿಯೇ ಹೊರಟಿತ್ತು. ಕೊನೆ ಮುಟ್ಟುವಷ್ಟರಲ್ಲಿ ಹಾಗೆ ಕೇಳಿಸಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟರು. ಎಲೆಕ್ಟ್ರಿಷಿಯನ್ ಗಂಟಲು ಸರಿಮಾಡಿಕೊಂಡು, "ಹಿಡಿ ಎಳೆಯೋ ಮುಂಚೆ ಕೊಕ್ಕೆ ನೋಡಿದ್ರು ಸಾರ್, ಅದನ್ನೂ ಬರ್ಕೊಳ್ಳಿ" ಎಂದ. ದೂರು ಕೊಡಲೆಂದೇ ಬಂದಿದ್ದವನು.

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ ಶಿಳ್ಳೆ ಮಾಮ. ಅಧಿಕಾರಿ ಕೇಳಿಸಿಕೊಳ್ಳುತ್ತಿದ್ದಷ್ಟು ಹೊತ್ತೂ ಅಕ್ಕ ಅವರ ಹುಬ್ಬನ್ನೇ ನೋಡುತ್ತಿದ್ದಳು. ಫೋನಿಟ್ಟು ಅವರೆಂದರು: "ಎದ್ದು ಕೂತಿದಾನಂತೆ. ಇವತ್ತು ರಾತ್ರಿ ಅಲ್ಲೇ ಇಟ್ಕೊಂಡು ನಾಳೆ ಬಿಡ್ತಾರಂತೆ."

ನಾದಿನಿ ಗೋಡೆಗೊರಗಿ ಜೋರಾಗಿ ಅತ್ತಳು. ಅಕ್ಕ ಅಳಲಿಲ್ಲ. ಸೊಂಟದ ಬಟ್ಟೆಯಲ್ಲಿ ಕೈಯೊರೆಸಿಕೊಂಡು, "ಸಾರ್, ನನಗೇನು ಶಿಕ್ಷೆ ಕೊಡ್ತೀರೋ ಆಮೇಲೆ ಕೊಡಿ. ಈಗ ಒಂದು ಹಾಳೆ ತಗೊಂಡು ಬರ್ಕೊಳ್ಳಿ. ಲೇ, ನೀನು ಹೋಗಿ ಫಾಯಿಲ್ ಸುರುಳಿ ತಗೊಂಡು ಬಾ" ಎಂದಳು.

ಅಧಿಕಾರಿಯ ಮೇಜಿನ ಮೇಲೆ, ಕಡತಗಳನ್ನು ಪಕ್ಕಕ್ಕೆ ಸರಿಸಿ, ಅಕ್ಕ ಫಾಯಿಲಿನ ತುಂಡುಗಳನ್ನು ಹರಿದು ಹಾಸಿದಳು. ಒಂದು ಕಿವಿ, ಎರಡು ಕಿವಿ, ಮೂತಿ. ಒಂದೊಂದನ್ನೂ ಮಡಿಸಿ ತೋರಿಸಿ, ಯಾರದು, ಏಕೆ ಎಂದು ಬಾಯಿಬಿಟ್ಟು ಹೇಳಿದಳು. ಇಪ್ಪತ್ತೆರಡು ವರ್ಷದ್ದನ್ನು ಹೇಳಿ ಮುಗಿಸಲು ಕಾಲು ಗಂಟೆಯೂ ಹಿಡಿಯಲಿಲ್ಲ. ಕೊನೆಗೆ ಜಡೆ.

"ನೀನು ಮಾಡು ಒಂದು" ಎಂದು ನಾದಿನಿಯ ಕಡೆಗೆ ತುಂಡೊಂದನ್ನು ತಳ್ಳಿದಳು.

ನಾದಿನಿ ಮೂಗೊರೆಸಿಕೊಂಡು ಕುಳಿತಳು. ತುದಿಯನ್ನು ಮೂರಾಗಿ ಸೀಳಿ, ಎಳೆ ಮೇಲೆ ಎಳೆ ಹಾಕಿ ಬಿಗಿದಳು. ಮೊದಲ ಸಲಕ್ಕೇ ಅದು ಅಕ್ಕನ ಜಡೆಗಿಂತ ಸಣ್ಣಗೆ, ಗಟ್ಟಿಯಾಗಿ, ಎಳೆದರೂ ಬಿಚ್ಚದ ಹಾಗೆ ಬಂತು.

ಅಕ್ಕ ಅದನ್ನು ಕೈಯಲ್ಲಿ ಹಿಡಿದು ಎರಡು ಬದಿಯೂ ತಿರುಗಿಸಿ ನೋಡಿದಳು. ಎದೆಯ ಯಾವುದೋ ಮೂಲೆಯಲ್ಲಿ ಸಣ್ಣಗೆ ಉರಿದದ್ದು ನಿಜ.

"ನನ್ನದಕ್ಕಿಂತ ಚೆನ್ನಾಗಿದೆ" ಎಂದಳು. "ಇನ್ನೊಂದು ಮಾಡು."