ಕುರಿ ಗೇಮ್‌ನ ಮೊದಲ ಗಿರಾಕಿಗಳು

2023ರಲ್ಲಿ ನಾನು ಆಂಧ್ರದ ಗಡಿಯೊಳಗಿನ ಆದವಾನಿಯಲ್ಲಿ ತೆರಿಗೆ ಸಲಹೆಗಾರ್ತಿಯಾಗಿದ್ದೆ. ಬರುತ್ತಿದ್ದವರು ಹೆಚ್ಚಾಗಿ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನವರು, ಹತ್ತಿ ದಲಾಲರು. ಅವರ ನಡುವೆ ಒಂದು ಮೊಬೈಲ್ ಗೇಮ್ ಕಂಪನಿಯೂ ಇತ್ತು. ಕಂಪನಿ ಎಂದರೆ ಇಬ್ಬರೇ. ಪೆದ್ದಹರಿವಾಣದ ಕುರಿಗಾರರ ಮನೆಯ ಹನುಮೇಶ ಪ್ರೋಗ್ರಾಂ ಬರೆಯುತ್ತಿದ್ದ. ಅವನ ಕಾಲೇಜಿನ ಗೆಳತಿ, ಕೌತಾಳಂನ ನಾಗವೇಣಿ ಚಿತ್ರ ಬಿಡಿಸುತ್ತಿದ್ದಳು. ಅವಳು ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಕೂಡ; ಅವಳ ಮನೆ ನಡೆಯುತ್ತಿದ್ದುದು ಆ ಸಂಬಳದಲ್ಲಿ.

ಗೇಮ್‌ನಲ್ಲಿ ಆಟಗಾರ ಕುರಿ ಮೇಯಿಸಬೇಕು, ಸಂತೆಗೆ ಹೊಡೆದುಕೊಂಡು ಹೋಗಬೇಕು, ಟವೆಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಹೇಳಿ ವ್ಯಾಪಾರ ಕುದುರಿಸಬೇಕು. ತೊಂಬತ್ತೊಂಬತ್ತು ರೂಪಾಯಿ ಒಮ್ಮೆ ಕೊಟ್ಟರೆ ಮುಗಿಯಿತು. ಜಾಹೀರಾತಿಲ್ಲ, ಮತ್ತೆ ಹಣ ಕೇಳುವುದಿಲ್ಲ. ಆದರೂ ತಿಂಗಳಿಗೊಂದು ಅಪ್‌ಡೇಟ್, ಅಂದರೆ ಹೊಸ ಊರು, ಹೊಸ ತಳಿಯ ಕುರಿ, ಪುಕ್ಕಟೆ.

ನನ್ನ ಅನುಮಾನ ಶುರುವಾದದ್ದು ಇಲ್ಲಿಯೇ. ಹಳೆಯ ಗಿರಾಕಿಗೆ ಮಾಡುವ ಕೆಲಸದ ಖರ್ಚನ್ನು ಹೊಸ ಗಿರಾಕಿ ಕೊಡಬೇಕು. ಹೊಸಬರು ಎಲ್ಲಿಯವರೆಗೆ ಬರುತ್ತಾರೆ? ಕೇಳಿದರೆ ಹನುಮೇಶ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸುತ್ತಿದ್ದ. ತಿಂಗಳೆಲ್ಲ ಮಲಗಿರುತ್ತಿದ್ದ ಮಾರಾಟದ ಗೆರೆ ಅಪ್‌ಡೇಟ್ ಬಿಟ್ಟ ದಿನ ಎದ್ದು ನಿಲ್ಲುತ್ತಿತ್ತು.

"ನೋಡ್ರಿ ಮೇಡಂ, ಅಪ್‌ಡೇಟೇ ಗಿರಾಕಿ ಕರಕೊಂಡು ಬರ್ತೈತಿ."

ಪ್ರತಿ ಸಲವೂ ಗೆರೆ ಒಂದೇ ಬಗೆಯಲ್ಲಿ ಏರುತ್ತಿದ್ದುದು ನನಗೆ ಸರಿಬರಲಿಲ್ಲ. ಗಿರಾಕಿಗಳು ಇಷ್ಟು ಶಿಸ್ತಿನವರಲ್ಲ. ಆದರೆ ಅನುಮಾನ ನನ್ನ ವೃತ್ತಿಯ ಚಟವೂ ಹೌದು. ಅವನು ಕೊಟ್ಟ ಲೆಕ್ಕವನ್ನೇ ಬರೆದುಕೊಂಡೆ.

ಬೇಸಿಗೆ ಕಳೆದ ಮೇಲೆ ಒಂದು ಶನಿವಾರ ಇಬ್ಬರೂ ಆಫೀಸಿಗೆ ಬಂದರು. ನಾಗವೇಣಿ ಶಾಲೆ ಬಿಟ್ಟು ಪೂರ್ತಿ ಕಂಪನಿಗೆ ಬರುವವಳಿದ್ದಳು.

"ಸೋಮವಾರ ಸ್ಕೂಲಿಗೆ ರಾಜೀನಾಮೆ ಕೊಡ್ತೀನ್ರಿ. ಆ ಗೆರೆ ನಂಬಬಹುದೇನ್ರಿ ಮೇಡಂ?"

ಹನುಮೇಶನ ಸೋದರಮಾವ ಮಲ್ಲಯ್ಯನವರೂ ಜೊತೆಗಿದ್ದರು. ಪೇಟೆಯ ಕೆಲಸ ಮುಗಿಸಿ, ಅಳಿಯನ ಬೈಕಿನಲ್ಲಿ ಊರಿಗೆ ಹೋಗಲು ಕಾದು ಕೂತಿದ್ದರು. ನಾಗವೇಣಿಗೆ ಏನು ಹೇಳಲಿ ಎಂದು ಯೋಚಿಸುತ್ತಲೇ, ಮಾತಿಗೆಂದು ಅವರನ್ನು ಕೇಳಿದೆ: "ಅಳಿಯನ ಗೇಮ್ ಆಡ್ತೀರೇನ್ರಿ?"

"ತಗೊಂಡೀನ್ರಿ, ಆಡಲ್ಲ. ನಿಜವಾದ ಕುರಿ ಕಾದೇ ಸಾಕಾಗೈತಿ, ಫೋನ್ನಾಗೂ ಕಾಯಲೇನು?"

"ಮತ್ತೆ ಯಾಕೆ ತಗೊಂಡ್ರಿ?"

"ಇವನೇ ರೊಕ್ಕ ಹಾಕಿದ್ನಲ್ರಿ. ಈ ತಿಂಗಳು ನಮ್ಮ ಓಣಿ, ಹೋದ ತಿಂಗಳು ಬೀಗರ ಊರು."

"ಮಾಮಾ, ಸುಮ್ನಿರು!" ಹನುಮೇಶ ಎದ್ದು ನಿಂತ.

"ಏಮಿರಾ, ಯಾಕ್ ಸುಮ್ನಿರಲಿ? ಕಳ್ಳತನ ಮಾಡೀವೇನು?"

ಮಲ್ಲಯ್ಯನವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಅವರು ಕಂಡ ಕುರಿಸಂತೆಗಳಲ್ಲಿ ಮಾರುವವನು ತನ್ನವನೊಬ್ಬನನ್ನೇ ಮೊದಲ ಗಿರಾಕಿಯಾಗಿ ನಿಲ್ಲಿಸುತ್ತಾನೆ. ಆ ಗಿರಾಕಿ ಕುರಿಯ ಬೆನ್ನು ಒತ್ತಿ ನೋಡುತ್ತಾನೆ, ಟವೆಲ್ ಕೆಳಗೆ ಕೈ ಕೊಡುತ್ತಾನೆ, ಗದ್ದಲ ಮಾಡುತ್ತಾನೆ, ಜನ ಸೇರುತ್ತಾರೆ. ಹನುಮೇಶ ಆ ಪದ್ಧತಿಯನ್ನು ಆ್ಯಪ್ ಸ್ಟೋರಿಗೆ ಒಯ್ದಿದ್ದ. ಅಪ್‌ಡೇಟ್ ದಿನ ನೆಂಟರೆಲ್ಲ ಕೊಂಡರೆ ಪಟ್ಟಿಯಲ್ಲಿ ಗೇಮ್ ಮೇಲೇರುತ್ತದೆ, ಹೊರಗಿನವರ ಕಣ್ಣಿಗೆ ಬೀಳುತ್ತದೆ. ಮಿಲ್ಲುಗಳಿಗೆ ವೆಬ್‌ಸೈಟ್ ಮಾಡಿ ಗಳಿಸಿದ್ದನ್ನು ನೆಂಟರಿಗೆ ಹಂಚುತ್ತಿದ್ದ. ಸ್ಟೋರ್ ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಕಂಪನಿಗೆ ಕೊಡುತ್ತಿತ್ತು. ಅವನ ಹಣವೇ ಸವೆದು ಅವನಲ್ಲಿಗೆ ಬರುತ್ತಿತ್ತು; ಅದನ್ನು ನಾವು ಮಾರಾಟ ಎನ್ನುತ್ತಿದ್ದೆವು.

"ನನಗರ ಹೇಳಬೇಕಿತ್ತಲ್ಲೋ," ಎಂದಳು ನಾಗವೇಣಿ. ಅವಳು ಕೂಗಿದಳು ಎಂದು ನನ್ನ ಡೈರಿಯಲ್ಲಿದೆ. ನೆನಪಿನಲ್ಲಿ ಅವಳ ದನಿ ತೀರಾ ಮೆಲ್ಲಗಿದೆ. ಯಾವುದು ನಿಜವೋ.

"ಹೊರಗಿನ ಮಂದಿನೂ ಬಂದಾರ ವೇಣಿ, ಸುಳ್ಳಲ್ಲ."

"ಬೀಗರನ್ನ ತೆಗೆದು ತೋರ್ಸು."

ತೆಗೆದೆವು. ಉಳಿದದ್ದು ಸರ್ವರ್ ಬಾಡಿಗೆಗೆ ಸಾಕಾಗುತ್ತಿತ್ತು, ಒಬ್ಬರ ಸಂಬಳಕ್ಕಲ್ಲ. ಆ ಉಳಿದವರಾದರೂ ಗೇಮ್ ಮೆಚ್ಚಿ ಬಂದವರೋ, ಗುಂಪು ನೋಡಿ ಬಂದವರೋ, ನನಗೆ ಇಂದಿಗೂ ತಿಳಿಯದು.

ಸೋಮವಾರ ನಾಗವೇಣಿ ಎಂದಿನಂತೆ ಶಾಲೆಗೆ ಹೋದಳು. ಪುಕ್ಕಟೆ ಅಪ್‌ಡೇಟ್ ನಿಲ್ಲಿಸಿ, ಹೊಸ ಸಂತೆಗಳನ್ನು ಬೇರೆಯಾಗಿಯೇ ಮಾರಲು ಇಬ್ಬರೂ ಒಪ್ಪಿದರು. ಈ ಸಲ ನೆಂಟರಿಗೆ ಹಣ ಹೋಗಲಿಲ್ಲ. ಸುದ್ದಿ ಹಾಕಿದ ಕೂಡಲೇ ಸ್ಟೋರಿನಲ್ಲಿ ಬೈಗುಳ ಶುರುವಾಯಿತು: ಮೋಸ, ದುರಾಸೆ, ಮಾತಿಗೆ ತಪ್ಪಿದರು. ಹನುಮೇಶ ಮಂಕಾಗಿ ಕೂತ. ನಾಗವೇಣಿ ಬೈದವರ ಹೆಸರುಗಳನ್ನು ಒಂದೊಂದಾಗಿ ಓದಿ ನಕ್ಕಳು.

"ಒಬ್ಬರೂ ಬೀಗರಿಲ್ಲ ನೋಡೋ. ಇವರು ಖರೇನ ಗಿರಾಕಿಗಳು!"

ಅಂದಿನಿಂದ ಯಾರು ಮಾರಾಟದ ಗೆರೆ ತೋರಿಸಿದರೂ ಎಷ್ಟು ಜನ ಕೊಂಡರು ಎಂದು ನಾನು ಮೊದಲು ಕೇಳುವುದಿಲ್ಲ. ನಾಳೆ ನಿಲ್ಲಿಸಿದರೆ ಯಾರು ಬೈಯುತ್ತಾರೆ ಎಂದು ಕೇಳುತ್ತೇನೆ.