ಕಣ್ಣಿಗೊತ್ತಿಕೊಂಡ ಗಂಟು

ಈಳಿಗೆಮಣೆಯ ಅಲಗಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಒಂದು ವಾಸನೆ ಏಳುತ್ತದೆ. ಹಸಿ ಕಬ್ಬಿಣದ್ದು, ಹುಳಿಯದ್ದು... ಸ್ವಲ್ಪ ಹೊಗೆಯದ್ದೂ ಇದೆಯೇನೋ ಅನ್ನಿಸುವಂಥದ್ದು. ಮೊನ್ನೆ ಹಾಗೆ ತಿಕ್ಕುತ್ತಾ ಕೂತಿದ್ದಾಗ ಮಗಳು ಫೋನಿನಲ್ಲಿ ಯಾವುದೋ ಹಳೇ ಯುದ್ಧದ ಸಿನಿಮಾದ ತುಣುಕು ಹಾಕಿಕೊಂಡು ನಗುತ್ತಿದ್ದಳು. "ಅಮ್ಮಾ, ಈ ಮುದುಕ ದ್ರೋಹಿ ಪಾತ್ರ ಎಷ್ಟು ಚೆನ್ನಾಗಿ ಮಾಡಿದಾನೆ ನೋಡು" ಅಂದಳು. ನೋಡಿದೆ. ನನ್ನ ಕೈಯಲ್ಲಿದ್ದ ಈಳಿಗೆಮಣೆಯ ಅಲಗು ಬಡಿದುಕೊಟ್ಟವರೇ ಆ ಮುದುಕ. "ಅವರು ಪಾತ್ರ ಮಾಡಲಿಲ್ಲ ಕಣೇ!" ಎಂದು ಕೂಗಿಬಿಟ್ಟೆ. ಮಗಳು ಬೆಚ್ಚಿ ಫೋನು ಕೆಳಗಿಟ್ಟಳು. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾಗಮಂಗಲದ ಕಡೆಯಿಂದ ಬಂದ ನಾನು ಕಿರಂಗೂರಿನಲ್ಲಿ ಮೇಷ್ಟ್ರಮ್ಮ. ನಾನಿದ್ದ ಬಾಡಿಗೆ ಮನೆಯ ಪಕ್ಕದಲ್ಲೇ ಆಚಾರ್ರ ಕುಲುಮೆ. ಊರಿಗೆಲ್ಲ ಅವರು ಆಚಾರ್ರು, ನನಗೂ ಅಷ್ಟೇ. ನೇಗಿಲ ಗುಳ, ಕುಡುಗೋಲು, ಮಚ್ಚು ಎಲ್ಲ ಅವರದೇ ಕೈಯಿಂದ. ಅವರದೊಂದು ಅಭ್ಯಾಸವಿತ್ತು. ಯಾರು ಕಬ್ಬಿಣ ತಂದುಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಆಮೇಲೇ ಕೆಳಗಿಡುತ್ತಿದ್ದರು. ಸವೆದ ಗುಳವಾಗಲಿ, ತುಕ್ಕು ಹಿಡಿದ ಲಾರಿ ಪಟ್ಟಿಯಾಗಲಿ, ಭೇದವಿಲ್ಲ. ಒಮ್ಮೆ ಕೇಳಿದ್ದಕ್ಕೆ, "ಅನ್ನ ಅಲ್ವಾ ಮೇಡಮ್ಮ, ಎಡಗೈಲಿ ಈಸ್ಕೊಂಡ್ ಬಿಸಾಕಕ್ಕಾಯ್ತದಾ?" ಅಂದಿದ್ದರು. ಅವರಪ್ಪನೂ ಹಾಗೇ ಮಾಡುತ್ತಿದ್ದರಂತೆ.

ಆಚಾರ್ರಿಗೆ ಸಿನಿಮಾ ಹುಚ್ಚು. ತಿಂಗಳಿಗೊಂದು ಭಾನುವಾರ ಅವರು, ಅವರ ಹೆಂಡತಿ ಮತ್ತು ನಾನು ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಮ್ಯಾಟ್ನಿಗೆ ಹೋಗುತ್ತಿದ್ದೆವು. ಅವರು ಸುಮ್ಮನೆ ನೋಡುವ ಆಸಾಮಿಯಲ್ಲ. ಯುದ್ಧದ ಸೀನು ಬಂದರೆ ಸಾಕು, ಹಿಂದಿನ ಸಾಲಿನವರು "ಶ್!" ಅನ್ನುವವರೆಗೂ ಮಾತು. "ಅವ್ನು ಕತ್ತಿ ಎತ್ತೋದ್ ನೋಡಿ ಮೇಡಮ್ಮ, ಕಡ್ಲೆಪುರಿ ಮೂಟೆ ಎತ್ದಂಗೆ ಎತ್ತಾವ್ನೆ! ಅಷ್ಟ್ ಸಾವ್ರ ಜನ ಬಡ್ದಾಡ್ತಾವ್ರಲ್ಲ, ಒಬ್ಬನ್ ಕತ್ತಿನಾದ್ರೂ ಮುಕ್ಕಾಯ್ತಾ? ಅದನ್ ತಟ್ಟಿ ಕೊಡೋನು ಎಲ್ಲವ್ನೆ?" ಯುದ್ಧ ಎಂದರೆ ಅವರ ಲೆಕ್ಕದಲ್ಲಿ ಲಾಳ, ಮೊಳೆ, ತಿದಿ, ಇದ್ದಿಲು, ನಿದ್ದೆಗೆಟ್ಟ ಕೈಗಳು. ಸಿನಿಮಾದಲ್ಲಿ ಅದ್ಯಾವುದೂ ಇರುತ್ತಿರಲಿಲ್ಲ. ಪಾಂಡವಪುರದ ಕುಂತಿಬೆಟ್ಟವನ್ನು ತೋರಿಸಿ ಯಾವುದೋ ದೂರದೇಶದ ಗಡಿ ಅನ್ನುತ್ತಿದ್ದರು. ನಮ್ಮ ಮಂಡ್ಯದ ಮಾತು ಬಂದರೆ ಅದು ಪೆದ್ದನ ಬಾಯಲ್ಲೇ ಬರಬೇಕು, ಜನ ನಗಬೇಕು. ಹೀರೋ ಮಾತ್ರ ಅದೇ ಊರಲ್ಲಿ ಹುಟ್ಟಿ ಪುಸ್ತಕ ಓದಿದ ಹಾಗೆ ಮಾತಾಡುತ್ತಾನೆ! ಇದಕ್ಕೆ ನಾವಿಬ್ಬರೂ ಬಸ್ಸಿನುದ್ದಕ್ಕೂ ಬೈಯುತ್ತಿದ್ದೆವು. ಆದರೂ ಮುಂದಿನ ತಿಂಗಳು ಮತ್ತೆ ಹೋಗುತ್ತಿದ್ದೆವು.

ಅಂಥದ್ದರಲ್ಲಿ ಒಂದು ಸಿನಿಮಾದವರೇ ಊರಿಗೆ ಬಂದರು. ಹಳೇ ಕಾಲದ ಯುದ್ಧದ ಕತೆ, ಒಂದು ನಿಜವಾದ ಕುಲುಮೆ ಬೇಕು, ಒಬ್ಬ ಕಮ್ಮಾರ ಬೇಕು ಅಂದರು. ಆಚಾರ್ರು ಹಿಂದೇಟು ಹಾಕಿದರು. ಒಪ್ಪಿಸಿದವಳು ನಾನು. "ಒಂದು ಸಿನಿಮಾದಲ್ಲಾದರೂ ಕುಲುಮೆ ಸರಿಯಾಗಿ ಬರಲಿ ಆಚಾರ್ರೇ, ನೀವೇ ಅಲ್ವಾ ಯಾವಾಗಲೂ ಬೈತಿದ್ದದ್ದು" ಅಂದೆ. ಆ ಮಾತನ್ನು ಯಾಕಾದರೂ ಆಡಿದೆನೋ...

ಅಂದು ಬೆಳಗ್ಗೆ ಅವರು ಸ್ನಾನ ಮಾಡಿ, ವಿಭೂತಿ ಇಟ್ಟು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಸಿನಿಮಾದ ಹುಡುಗನೊಬ್ಬ ಅಂಗಿ ಬಿಚ್ಚಿಸಿ, ವಿಭೂತಿ ಒರೆಸಿ, ಮುಖಕ್ಕೆಲ್ಲ ಮಸಿ ಬಳಿದ. "ಕುಲ್ಮೆಗ್ ಯಾರಾದ್ರೂ ಮಸಿ ಬಳ್ಕೊಂಡ್ ಬತ್ತಾರೇನಪ್ಪಾ? ಅದು ಕೆಲ್ಸ ಮಾಡ್ತಾ ತಾನೇ ಆಯ್ತದೆ" ಅಂದರು ಆಚಾರ್ರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡೈರೆಕ್ಟರನ ಅಸಿಸ್ಟೆಂಟು ಬಂದು, ಒಬ್ಬ ಪ್ರಯಾಣಿಕ ಬಟ್ಟೆಗಂಟಿನಲ್ಲಿ ಕಬ್ಬಿಣ ತಂದುಕೊಡುತ್ತಾನೆ, ನೀವು ತಗೊಂಡರೆ ಸಾಕು ಎಂದ. ಗಂಟಿನಲ್ಲಿದ್ದದ್ದು ಜಲ್ಲಿಕಲ್ಲು. ಆದರೆ ಕಬ್ಬಿಣ ಅಂದಿದ್ದರಲ್ಲ. ಆಚಾರ್ರು ಎರಡೂ ಕೈ ಚಾಚಿ ತೆಗೆದುಕೊಂಡರು, ಕಣ್ಣು ಮುಚ್ಚಿ ಒತ್ತಿಕೊಂಡರು, ಒಂದು ಸಣ್ಣ ನಗು ನಕ್ಕರು. ಡೈರೆಕ್ಟರು ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದ. ನಾನೂ ಹೊಡೆದೆ.

ಸಿನಿಮಾ ಬಂದಾಗ ಊರಿಗೆ ಊರೇ ಮ್ಯಾಟ್ನಿಗೆ ಹೋಯಿತು. ಅವರ ಮುಖ ಪರದೆ ತುಂಬ ಬಂದ ಕೂಡಲೇ ನಾನು ಎದ್ದು ನಿಂತು "ನಮ್ಮ ಆಚಾರ್ರು!" ಎಂದು ಕೂಗಿದೆ. ಇಡೀ ಟಾಕೀಸು ತಿರುಗಿ ಅವರನ್ನು ನೋಡಿತು. ಪರದೆಯ ಮೇಲೆ ಅವರು ಗಂಟು ಕಣ್ಣಿಗೊತ್ತಿಕೊಂಡರು, ನಕ್ಕರು. ಮುಂದಿನ ಶಾಟಿನಲ್ಲಿ ಯಾರದೋ ಕೈ ಆ ಗಂಟು ಬಿಚ್ಚಿತು. ಒಳಗೆ ಚಿನ್ನದ ಒಡವೆ! ಅದರ ಹಿಂದೆಯೇ ವೈರಿ ಸೈನ್ಯ, ಕೋಟೆಯ ಬಾಗಿಲ ಕೀಲು ಕಿತ್ತು ಬೀಳುವುದು, ಬೆಂಕಿ, ಹೆಂಗಸರ ಕಿರುಚಾಟ. ಕೀಲು ಮಾಡಿದ ಕಮ್ಮಾರನೇ ಚಿನ್ನಕ್ಕೆ ಆಸೆಪಟ್ಟು ಅದನ್ನು ಸಡಿಲ ಮಾಡಿಕೊಟ್ಟನಂತೆ. ಹೀರೋ ಸಾಯುವಾಗ ಶಾಪ ಹಾಕುತ್ತಾನೆ, ಆಗ ಇನ್ನೊಮ್ಮೆ ಇವರ ಮುಖ, ಇನ್ನೊಮ್ಮೆ ಆ ಕಣ್ಣಿಗೊತ್ತಿಕೊಳ್ಳುವುದು. ಮುಂದಿನ ಸಾಲಿನ ಹುಡುಗರು ಪರದೆಗೆ ಚಪ್ಪಲಿ ಎಸೆದರು. ಆಚಾರ್ರ ಹೆಂಡತಿ ಸೆರಗು ತಲೆ ಮೇಲೆ ಎಳೆದುಕೊಂಡು ಎದ್ದು ಹೋದರು. ಆಚಾರ್ರು ಮಾತ್ರ ಕೊನೆಯವರೆಗೂ ಕೂತಿದ್ದರು. ಅವತ್ತೊಂದೇ ದಿನ ಅವರು ಸಿನಿಮಾ ನೋಡುತ್ತಾ ಒಂದು ಮಾತೂ ಆಡಲಿಲ್ಲ.

ಆ ರಾಜ ಸುಳ್ಳು, ಆ ಯುದ್ಧ ಸುಳ್ಳು, ಆ ಕೋಟೆ ರಟ್ಟಿನದು. ಮುಖ ಮಾತ್ರ ನಿಜವಾದದ್ದು. ಈ ದರಿದ್ರದ ಸಿನಿಮಾದವರು ಸೋಲಿಗೆ ಕಾರಣ ಹುಡುಕುವಾಗ ರಾಜನ ಕಡೆ, ದಂಡನಾಯಕನ ಕಡೆ ನೋಡುವುದಿಲ್ಲ. ಮೈಗೆ ಮಸಿ ಹತ್ತಿದವನೊಬ್ಬ ಸಿಕ್ಕಿದರೆ ಸಾಕು ಅವರಿಗೆ.

ಊರಿನವರು ಮೊದಮೊದಲು ತಮಾಷೆಗೇ ಅಂದದ್ದು. "ಏನ್ ಆಚಾರಿ, ಇವತ್ ಯಾವ ಕೋಟೆ ಬೀಳಿಸ್ದೆ?" ಅವರೂ ನಗುತ್ತಿದ್ದರು. ಆದರೆ ಪಾಂಡವಪುರದ ಸಂತೆಯಲ್ಲಿ ಗುರುತಿಲ್ಲದವರು ಬೆರಳು ಮಾಡಿ ತೋರಿಸಿ, ಕುಡುಗೋಲು ಕೈಗೆತ್ತಿಕೊಂಡು "ಇದ್ರ ಕೀಲು ನೆಟ್ಟಗೈತಾ?" ಎನ್ನತೊಡಗಿದರು. ಸಿಂಧಘಟ್ಟದಿಂದ ಅವರ ಭಾವಮೈದ ಬಂದು, "ಅಲ್ಲ ಭಾವ, ಅಂತಾ ಪಾಲ್ಟು ಯಾಕ್ ಒಪ್ಕಂಡ್ರಿ? ನಮ್ ಕುಲಸ್ಥರೆಲ್ಲ ಕೇಳ್ತಾವ್ರೆ" ಅಂದ. ಅವರು ಒಪ್ಪಿಕೊಂಡದ್ದು ಕಬ್ಬಿಣದ ಗಂಟಿಗೆ ಎಂದು ಯಾರಿಗೆ ಯಾರು ಹೇಳುವುದು?

ಆ ಅಸಿಸ್ಟೆಂಟು ಇನ್ನೊಂದು ಶೂಟಿಂಗಿಗೆ ಬಂದು ಕೆ.ಆರ್.ಎಸ್.ನ ಹೋಟೆಲಿನಲ್ಲಿದ್ದಾನೆಂದು ಗೊತ್ತಾಗಿ ಆಚಾರ್ರನ್ನು ನಾನೇ ಕರೆದುಕೊಂಡು ಹೋದೆ. ಅವನು ದೋಸೆ ತಿನ್ನುತ್ತಿದ್ದ. ಕೈ ತೊಳೆಯಲೂ ಏಳಲಿಲ್ಲ.

"ಅಯ್ಯೋ ಯಜಮಾನ್ರೇ, ಅದು ನೀವಲ್ಲ. ಅದು ಪಾತ್ರ" ಅಂದ.

"ಪಾತ್ರುಕ್ಕೆ ಮೊಕ ಇಲ್ವಾ ಸ್ವಾಮಿ? ನನ್ ಮೊಕುನೇ ಬೇಕಾಗಿತ್ತಾ?" ಆಚಾರ್ರ ದನಿ ಏರಲೇ ಇಲ್ಲ. "ನೀವ್ ಕಬ್ಣ ಅಂದ್ರಿ. ಅದ್ಕೇ ನಾನ್ ಕಣ್ಗೊತ್ಕೊಂಡೆ. ಚಿನ್ನ ಅಂದಿದ್ರೆ ಮುಟ್ತಿರ್ಲಿಲ್ಲ."

"ಅದಕ್ಕೇ ನಿಮಗೆ ಹೇಳಲಿಲ್ಲ" ಎಂದು ಅವನು ನಕ್ಕ.

ನನಗೆ ಮೈಯೆಲ್ಲ ಉರಿದುಹೋಯಿತು. ಅಂದರೆ ಗೊತ್ತಿದ್ದೇ ಮಾಡಿದ್ದ! ಬಾಯಿಗೆ ಬಂದದ್ದೆಲ್ಲ ಬೈದೆ. ಹೋಟೆಲಿನವರು ಒಳಗಿನಿಂದ ಓಡಿಬಂದರು. ಆಚಾರ್ರೇ ನನ್ನನ್ನು ತಡೆದು, "ಬುಡಿ ಮೇಡಮ್ಮ, ತಿನ್ನೋವಾಗ ಬೈಬಾರ್ದು" ಎಂದು ಹೊರಗೆ ಕರೆದುಕೊಂಡು ಬಂದರು. ಬಸ್ಸಿನಲ್ಲಿ ನಾನು ಅಳುತ್ತಿದ್ದೆ. ಒಪ್ಪಿಸಿದವಳು ನಾನಲ್ಲವೇ?

ಅದಾದ ಮೇಲೆ ಒಂದು ದಿನ ರೈತನೊಬ್ಬ ಗುಳ ತಂದುಕೊಟ್ಟ. ಆಚಾರ್ರು ಒಂದೇ ಕೈಯಲ್ಲಿ ತೆಗೆದುಕೊಂಡು ಮೂಲೆಗೆ ಹಾಕಿದರು. ನಾನು ಕಾಂಪೌಂಡಿನ ಈಚೆ ನಿಂತಿದ್ದೆ. ಅವರು ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ಆಮೇಲೆ ಅವರು ಕಬ್ಬಿಣ ಕಣ್ಣಿಗೊತ್ತಿಕೊಂಡದ್ದನ್ನು ನಾನು ನೋಡಲೇ ಇಲ್ಲ. ಕ್ಯಾಮೆರಾ ಕಂಡರೂ ಎದ್ದು ಹೋಗುತ್ತಿದ್ದರು, ಸ್ಕೂಲಿನ ಗ್ರೂಪ್ ಫೋಟೋಕ್ಕೆ ಕರೆದರೂ ಬರಲಿಲ್ಲ. ಅವರು ತೀರಿಕೊಂಡಾಗ ಕಟ್ಟು ಹಾಕಿಸಲು ಒಂದು ಫೋಟೋ ಇದೆಯೇ ಎಂದು ಅವರ ಹೆಂಡತಿ ನನ್ನನ್ನು ಕೇಳಿದರು. ನನ್ನ ಹತ್ತಿರವೂ ಇರಲಿಲ್ಲ... ದೀಪದ ಹಿಂದೆ ಅವರ ಸುತ್ತಿಗೆಯನ್ನೇ ಇಟ್ಟಿದ್ದರು.

ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಹುಣಸೆಹಣ್ಣು ಅಲಗಿನ ಮೇಲೇ ಒಣಗಿತ್ತು. ಅವಳು ಫೋನು ಎತ್ತಿಕೊಂಡು, "ಅಳಿಸಿಬಿಡಲಾ?" ಅಂದಳು.

ಬೇಡ ಅಂದೆ. ಹೇಳುವಾಗ ನನ್ನ ಮೇಲೇ ಅಸಹ್ಯವಾಯಿತು. ಅವರ ಮುಖ ನೋಡಬೇಕೆಂದರೆ ಆ ಸುಳ್ಳುಗಾರರ ಮನೆ ಬಾಗಿಲಿಗೇ ಹೋಗಬೇಕು, ಬೇರೆ ಗತಿಯಿಲ್ಲ. ಸೌಂಡು ತೆಗೆಸಿ ಇನ್ನೊಮ್ಮೆ ಹಾಕಿಸಿದೆ. ಎರಡೂ ಕೈ ಮುಂದೆ ಬಂದವು, ಕಣ್ಣು ಮುಚ್ಚಿದವು, ಕಬ್ಬಿಣವೆಂದು ನಂಬಿದ ಆ ಗಂಟು ಹಣೆಯ ಹತ್ತಿರ ಹೋಯಿತು.

"ಸಾಕು, ನಿಲ್ಲಿಸು" ಅಂದೆ. "ಗಂಟು ಬಿಚ್ಚೋದು ಬೇಡ."