ಮಧ್ಯದಲ್ಲೇ ನಿಂತ ಮುಳ್ಳು

ದೊಡ್ಡಮ್ಮ, ನೀನು ಕರಿದಾರ ಬಿಚ್ಚಿದ್ದರಿಂದ ಪ್ರದೀಪಣ್ಣನ ಕೈ ಸುಡಲಿಲ್ಲ. ಸುಟ್ಟವಳು ನಾನು. ನಿಮ್ಮ ವ್ಯಾನಿನ ಒಂದು ತಂತಿಯ ನಡುವೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ತುಣುಕೊಂದನ್ನು ಸೇರಿಸಿದೆ. ಅವನು ಸುಟ್ಟುಕೊಂಡ ಮೇಲೆ ಯಾರಿಗೂ ಕಾಣದಂತೆ ಅದನ್ನು ಕಿತ್ತೆ. ಆಮೇಲೆ ಮೂರು ವರ್ಷ ನಿನ್ನ ಕೈಯೂಟ ಉಂಡೆ.

ಎದುರಿಗೆ ಕೂತು ಹೇಳುವ ಬದಲು ಮೊದಲು ಬರೆಯುತ್ತಿರುವುದು ಹೆದರಿಕೆಯಿಂದಲೇ. ಆದರೆ ನೀನು ಬೈಯುತ್ತೀಯ ಎಂಬ ಹೆದರಿಕೆಯಲ್ಲ. ಬಾಯಿ ತೆರೆದರೆ ನಾನು ಗೆಲ್ಲುತ್ತೇನೆ — ಅದರ ಹೆದರಿಕೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದೇ ಅದು: ಯಾವ ಕಡೆ ನಿಲ್ಲಿಸಿದರೂ ಆ ಕಡೆಗೊಂದು ಸಮರ್ಥನೆ ಹುಟ್ಟಿಸುವುದು. ನನ್ನ ಪರವಾಗಿಯೂ ಹುಟ್ಟಿಸಿಬಿಡುತ್ತೇನೆ. ನೀನು ತಲೆಯಾಡಿಸಿ, "ಹೋಗ್ಲಿ ಬಿಡೇ" ಅಂದುಬಿಡುತ್ತೀಯ. ಕಾಗದದ ಮೇಲಾದರೆ ಸಮರ್ಥನೆಯ ವಾಸನೆ ಬಂದ ಸಾಲನ್ನು ಹೊಡೆದುಹಾಕಬಹುದು. ತುಂಬಾ ಹೊಡೆದುಹಾಕಿದ್ದೇನೆ.

ನಿನಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ. ಸೀರೆಯ ಗಂಟು ಹೊತ್ತು ದೊಡ್ಡಬಳ್ಳಾಪುರದಿಂದ ಸುತ್ತಲಿನ ಅಂಗಡಿಗಳಿಗೆ ಹೋಗುತ್ತಿದ್ದ ಹಳೆಯ ವ್ಯಾನಿನ ಎಂಜಿನ್ ಕೈಕೊಟ್ಟಾಗ, ಮೆಕ್ಯಾನಿಕ್ ಖಾದರ್ ಭಾಯ್ ಬೆಂಗಳೂರಿನ ಗುಜರಿಯಿಂದ ಇನ್ನೊಂದನ್ನು ತಂದು ಕೂರಿಸಿದರು. ಅದೇ ಕಂಪನಿಯದು, ಆದರೆ ಆಮೇಲೆ ಬಂದ ಮಾದರಿಯದು. ಅಪಘಾತವಾದ ಗಾಡಿಯಿಂದ ಇಳಿಸಿದ್ದು ಎಂದು ಅವರೇ ಬಾಯಿತಪ್ಪಿ ಅಂದರು. ಮಗ್ಗದ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ನೀನು ಕೇಳಿದೆ.

"ಓಡಿಸ್ತಿದ್ದೋನು ಏನಾದ?"

ಖಾದರ್ ಭಾಯ್ ಬೋಲ್ಟು ಬಿಗಿ ಮಾಡುತ್ತಲೇ ಇದ್ದರು. ನಿನಗೆ ಅಷ್ಟು ಸಾಕಾಯಿತು.

ಗಾಡಿ ರಸ್ತೆಗೆ ಇಳಿದದ್ದೇ ಮೀಟರಿನ ಮುಳ್ಳು ಏರತೊಡಗಿತು. ಎಂಜಿನ್ನಿನೊಳಗೆ ಹರಿಯುವ ನೀರು ಎಷ್ಟು ಕಾದಿದೆ ಎಂದು ತೋರಿಸುವ ಮುಳ್ಳು. ಮಧ್ಯದಲ್ಲಿ ನಿಲ್ಲಬೇಕಾದದ್ದು ಕೆಂಪು ಗೆರೆಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಪ್ರದೀಪಣ್ಣ ಇಳಿದು ನೋಡಿದರೆ ಹಬೆಯಿಲ್ಲ, ಕುದಿಯಿಲ್ಲ, ನೀರು ಇದ್ದಷ್ಟೇ ಇದೆ. ಕಾರಣವಿಲ್ಲದೆ ಏರುವ ಮುಳ್ಳು! ಸತ್ತವನು ಇನ್ನೂ ಸೀಟು ಬಿಟ್ಟಿಲ್ಲ ಎಂದು ನೀನು ತೀರ್ಮಾನಿಸಿದೆ. ಮಗ್ಗದ ಕಪ್ಪು ನೂಲನ್ನೇ ಹುರಿಮಾಡಿ, ಗುಡಿಯಲ್ಲಿಟ್ಟು ಪೂಜೆ ಮಾಡಿಸಿ, ವ್ಯಾನಿನ ಮುಂದೆ ಕಟ್ಟಿದೆ. ಅಮಾವಾಸ್ಯೆ ಕಳೆಯುವವರೆಗೆ ಗಾಡಿ ಹೊರಡಕೂಡದು ಅಂದೆ.

ಆಗ ನಾನು ಇಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗಕ್ಕೆ ಹೊಸದಾಗಿ ಸೇರಿದ್ದೆ. ನಿಮ್ಮ ಮನೆಯಲ್ಲೇ ವಾಸ. ದೆವ್ವ, ದೃಷ್ಟಿ, ದಾರ — ಇವನ್ನೆಲ್ಲ ವೇದಿಕೆಯ ಮೇಲೆ ಎಷ್ಟು ಸಲ ಚಿಂದಿ ಮಾಡಿದ್ದೆನೋ! ಸ್ವಂತ ಮನೆಯಲ್ಲೇ ಅದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಊಟಕ್ಕೆ ಕೂತಾಗ ಎಲ್ಲರೆದುರು ಸವಾಲು ಹಾಕಿದೆ. ನಾನು ಕಾರಣ ಕಂಡುಹಿಡಿದು ಮುಳ್ಳನ್ನು ಇಳಿಸಿದರೆ, ದಾರವನ್ನು ನೀನೇ ಬಿಚ್ಚಬೇಕು.

"ಬೇರೆ ಯಾರಾದ್ರೂ ಬಿಚ್ಚಿದ್ರೆ ಆಗಲ್ವೇನೇ?" ಎಂದು ಕೇಳಿದೆ ನೀನು.

"ಆಗಲ್ಲ. ನೀನೇ ಬಿಚ್ಚಬೇಕು."

ಆ ಹಟ ಬೇಕಿರಲಿಲ್ಲ. ಎದುರಾಳಿ ಸೋತರೆ ನನಗೆ ಸಾಲದು; ಸೋತೆ ಎಂದು ಅವರ ಬಾಯಿಂದಲೇ ಕೇಳಬೇಕು. ಆ ಚಟ ನನಗೆ ಮೊದಲಿನಿಂದ ಇದೆ.

ಕಾರಣ ಕಂಡುಹಿಡಿದೆ — ಅಷ್ಟು ನಿಜ. ಎಂಜಿನ್ನಿನ ನೀರಿನ ದಾರಿಯಲ್ಲಿ ಒಂದು ಸಣ್ಣ ಸೆನ್ಸರ್ ಇರುತ್ತದೆ. ನೀರು ಕಾದಷ್ಟೂ ಅದು ಹೆಚ್ಚು ಕರೆಂಟು ಬಿಡುತ್ತದೆ, ಮುಳ್ಳು ಮೇಲೇರುತ್ತದೆ. ನಾನು ಹಳೆಯ ಎಂಜಿನ್ನಿನ ಸೆನ್ಸರನ್ನೂ ಹೊಸದರದ್ದನ್ನೂ ಬಿಚ್ಚಿ ತಂದು, ನಿನ್ನ ಒಲೆಯ ಮೇಲೆ ಒಂದೇ ಪಾತ್ರೆಯ ನೀರಿನಲ್ಲಿಟ್ಟು ಕಾಯಿಸಿ, ಕರೆಂಟು ಅಳೆಯುವ ಮೀಟರು ಹಿಡಿದು ನೋಡಿದೆ. ಒಂದೇ ಬಿಸಿಗೆ ಎರಡೂ ಬೇರೆ ಬೇರೆ ಅಳತೆ ಕೊಟ್ಟವು. ಹೊಸ ಎಂಜಿನ್ನಿನ ಸೆನ್ಸರಿಗೂ ಹಳೆಯ ವ್ಯಾನಿನ ಮುಳ್ಳಿಗೂ ಹೊಂದಾಣಿಕೆಯಿಲ್ಲ. ಇರುವುದಕ್ಕಿಂತ ಹೆಚ್ಚು ಬಿಸಿ ತೋರಿಸುತ್ತಿದೆ. ದೆವ್ವವಿರಲಿಲ್ಲ. ನೀನು ಬಾಗಿಲಿಗೆ ಒರಗಿ ನಿಂತು, "ಆ ಪಾತ್ರೇಲಿ ಇನ್ಮೇಲೆ ಸಾರು ಮಾಡಲ್ಲ ನೋಡು" ಅಂದದ್ದು ನೆನಪಿದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಹಳೆಯ ಸೆನ್ಸರು ಹೊಸ ಎಂಜಿನ್ನಿಗೆ ಕೂರುತ್ತಿರಲಿಲ್ಲ, ತಿರುಗಿಸಿ ಕೂರಿಸುವ ತಿರುಪಿನ ಅಳತೆಯೇ ಬೇರೆ. ಹೊಂದುವಂಥದ್ದನ್ನು ಬೆಂಗಳೂರಿನಿಂದ ತರಿಸುತ್ತೇನೆ, ಸ್ವಲ್ಪ ದಿನ ಹಿಡಿಯುತ್ತದೆ, ಅಲ್ಲಿವರೆಗೆ ನೀರು ನೋಡಿಕೊಂಡು ಓಡಿಸಿ ಎಂದರು ಖಾದರ್ ಭಾಯ್. ಸ್ವಲ್ಪ ದಿನ — ಅಷ್ಟರಲ್ಲಿ ಅಮಾವಾಸ್ಯೆ ಬಂದು ಹೋಗುತ್ತಿತ್ತು. ಆಮೇಲೆ ಮುಳ್ಳು ಇಳಿದರೆ ಗೆದ್ದದ್ದು ಯಾರು? ನಿನ್ನ ದಾರ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

ಕಾರ್ಖಾನೆಯಿಂದ ಕೆಲವು ರೆಸಿಸ್ಟರ್ ತಂದೆ. ಮೈಮೇಲೆ ಬಣ್ಣದ ಪಟ್ಟಿಗಳಿರುವ, ಕರೆಂಟನ್ನು ತಡೆಯುವ ಚಿಕ್ಕ ತುಣುಕುಗಳು. ಅವನ್ನು ಒಂದಾದ ಮೇಲೊಂದು ಸೆನ್ಸರಿನ ತಂತಿಯ ನಡುವೆ ಹಾಕಿ ನೋಡುತ್ತ ಹೋದೆ. ಅಂಗಳದಲ್ಲಿ ಎಂಜಿನ್ ಸುಮ್ಮನೆ ಓಡುತ್ತಿರುವಾಗ ಯಾವ ತುಣುಕಿಗೆ ಮುಳ್ಳು ಸರಿಯಾಗಿ ಮಧ್ಯಕ್ಕೆ ಬಂದು ನಿಂತಿತೋ, ಅದನ್ನು ಉಳಿಸಿ ಮೇಲೆ ಟೇಪು ಸುತ್ತಿದೆ. ಉತ್ತರ ಮೊದಲು ಬರೆದು ಆಮೇಲೆ ಲೆಕ್ಕ ಹೊಂದಿಸಿದ ಹಾಗೆ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಪುರಾವೆ ತಿದ್ದಿದವರೆಂದು ವೇದಿಕೆಯ ಮೇಲೆ ಸುಲಿದು ಹಾಕುತ್ತಿದ್ದೆ. ಇನ್ನೂ ಒಂದು ಮಾತಿದೆ. ಅದನ್ನು ಎರಡು ಸಲ ಬರೆದು ಹೊಡೆದುಹಾಕಿದ್ದೇನೆ, ಈ ಸಲ ಹಾಗೇ ಉಳಿಸುತ್ತೇನೆ: ಆ ತುಣುಕು ಇರುವವರೆಗೆ ಎಂಜಿನ್ನಿನ ನೀರು ನಿಜವಾಗಿ ಕುದಿದರೂ ಮುಳ್ಳು ಮಧ್ಯದಿಂದ ಹೆಚ್ಚೇನೂ ಮೇಲೇಳುವುದಿಲ್ಲವೆಂದು ನನಗೆ ಗೊತ್ತಿತ್ತು.

ನಿಮಗೆಲ್ಲ ಹೇಳಿದ್ದು ಬೇರೆ. ತಂತಿಯ ಕೊನೆ ಕಿಲುಬು ಹಿಡಿದಿತ್ತು, ಉಜ್ಜಿದೆ, ಸರಿಹೋಯಿತು. ದೊಡ್ಡಪ್ಪ ಬಗ್ಗಿ ಮುಳ್ಳು ನೋಡಿ ಮೀಸೆಯಲ್ಲೇ ನಕ್ಕರು. ಪ್ರದೀಪಣ್ಣ, "ನೋಡಮ್ಮ, ನಿನ್ ತಂಗಿ ಮಗಳು ದೆವ್ವನ್ನೂ ಡಿಬೇಟಲ್ಲಿ ಸೋಲಿಸ್ಬಿಟ್ಲು" ಅಂದ. ನೀನು ನಗಲಿಲ್ಲ. ಆದರೂ ಮಾತಿಗೆ ತಪ್ಪಲಿಲ್ಲ. ವ್ಯಾನಿನ ಮುಂದೆ ಕೂತು ಗಂಟು ಬಿಚ್ಚಿದೆ, ಬಿಗಿಯಾಗಿದ್ದ ಒಂದು ಕಡೆ ಹಲ್ಲಿನಲ್ಲಿ ಕಚ್ಚಿ ಸಡಿಲಿಸಿದೆ. ಬಿಚ್ಚಿದ ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದೆ. ನಾನು ಗೆದ್ದು ನಿಂತಿದ್ದೆ.

ಪ್ರದೀಪಣ್ಣ ಹೊರಡುವಾಗ ನಾನು ಹೇಳಿದ ಮಾತು ಒಂದಕ್ಷರವೂ ಮರೆತಿಲ್ಲ:

"ಮುಳ್ಳು ಮಧ್ಯದಲ್ಲಿದ್ರೆ ಎಂಜಿನ್ ಬಿಸಿಯಾಗಿಲ್ಲ ಅಂತ ಅರ್ಥ ಕಣೋ ಅಣ್ಣ. ಮುಳ್ಳನ್ನ ನಂಬು, ಅಮ್ಮನ ಮಾತನ್ನಲ್ಲ."

ಮುಂದಿನ ವಾರ ಖಾದರ್ ಭಾಯ್ ಫೋನು ಬಂತು. ಸೆನ್ಸರು ಸಿಕ್ಕಿದೆ, ಗಾಡಿ ತನ್ನಿ ಎಂದು. ಫೋನು ಎತ್ತಿದ್ದು ನಾನು. ಗಾಡಿ ಹೋದರೆ ಅವರು ತಂತಿ ಬಿಚ್ಚುತ್ತಾರೆ, ಟೇಪು ಬಿಚ್ಚುತ್ತಾರೆ, ಒಳಗಿನ ತುಣುಕನ್ನು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿ ನಗುತ್ತಾರೆ. ಆ ನಗು ಕಣ್ಣಿಗೆ ಕಟ್ಟಿತು. ಬೇಡ ಭಾಯ್, ಸರಿಹೋಗಿದೆ ಎಂದುಬಿಟ್ಟೆ. ತುಣುಕು ಹಾಕಿದ್ದಕ್ಕಿಂತ ಇದು ದೊಡ್ಡದು, ದೊಡ್ಡಮ್ಮ. ಹಾಕಿದ್ದು ಹುಮ್ಮಸ್ಸಿನಲ್ಲಿ ಎನ್ನಬಹುದು. ಇದು — ಇದಕ್ಕೆ ಏನೂ ಅನ್ನಲು ಬರುವುದಿಲ್ಲ.

ತೂಬಗೆರೆ ದಾಟಿದ ಮೇಲಿನ ಏರಿನಲ್ಲಿ ವ್ಯಾನಿನ ಉಸಿರು ಕಟ್ಟಿತು. ನೀರಿನ ಪೈಪಿನ ಒಂದು ಕೀಲು ಸಡಿಲವಾಗಿ ದಿನವೂ ಚೂರುಚೂರು ಸೋರುತ್ತಿತ್ತಂತೆ. ಸೀದ ವಾಸನೆ ಬಂತು, ನಿಲ್ಲಿಸಿದೆ ಎಂದ ಪ್ರದೀಪಣ್ಣ, ಆಸ್ಪತ್ರೆಯಲ್ಲಿ. ಮುಳ್ಳು ನೋಡಿದನಂತೆ. ಮಧ್ಯದಲ್ಲಿತ್ತು. ಹಾಗಾದರೆ ಎಂಜಿನ್ ಬಿಸಿಯಾಗಿಲ್ಲ, ನೀರು ಕಡಿಮೆಯಾಗಿರಬೇಕು ಎಂದುಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಉಳಿದಿದ್ದ ನೀರೆಲ್ಲ ಕುದಿಯುತ್ತ ಚಿಮ್ಮಿ ಅವನ ಬಲಗೈ ಮೇಲೆ, ಕುತ್ತಿಗೆ ಮೇಲೆ ಬಿತ್ತು. ಅವನು ಅಜಾಗರೂಕನಾಗಿರಲಿಲ್ಲ. ನೋಡಿಯೇ ತೆರೆದ. ನನ್ನನ್ನು ನಂಬಿ ತೆರೆದ.

ನೀವೆಲ್ಲ ಆಸ್ಪತ್ರೆಯಲ್ಲಿದ್ದಿರಿ. ಎಳೆದು ತಂದ ವ್ಯಾನು ಶೆಡ್ಡಿನ ಪಕ್ಕ ನಿಂತಿತ್ತು. ಬಟ್ಟೆ ತರುವ ನೆಪದಲ್ಲಿ ಮನೆಗೆ ಬಂದವಳು ನೇರ ಅದರ ಹತ್ತಿರ ಹೋದೆ. ಟೇಪು ಬಿಚ್ಚಿ, ತುಣುಕು ಕಿತ್ತು, ತಂತಿ ಸೇರಿಸಿದೆ. ಆಮೇಲೆ ಬಟ್ಟೆಯನ್ನೂ ತೆಗೆದುಕೊಂಡು ಆಸ್ಪತ್ರೆಗೆ ಹೋದೆ.

ನಾನು ಅಲ್ಲಿ ಕಿತ್ತದ್ದು ಅಣ್ಣನ ಸಾಕ್ಷಿಯನ್ನು. ಖಾದರ್ ಭಾಯ್ ಪೈಪು ಬದಲಿಸಿ ಎಂಜಿನ್ ಚಾಲೂ ಮಾಡಿದಾಗ ಮುಳ್ಳು ಮಧ್ಯ ದಾಟಿ ಸರಾಗ ಮೇಲೇರಿತು. ಹೆಚ್ಚು ತೋರಿಸುವ ಹಳೆಯ ತೊಂದರೆ ಮತ್ತೆ ಬಂದಿದೆ ಎಂದಷ್ಟೇ ಅವರು ತಿಳಿದರು. "ಮುಳ್ಳು ಏರ್ತಾ ಐತಲ್ಲ ಸ್ವಾಮಿ, ಕೆಲಸ ಮಾಡ್ತಾ ಐತೆ" ಅಂದರು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ ಮಗನ ಕಡೆ ದೊಡ್ಡಪ್ಪ ತಿರುಗಿದರು.

"ಫೋನ್ ನೋಡ್ತಾ ಓಡಿಸಿದೀಯ. ಅದನ್ನ ಹೇಳಕ್ಕೆ ಆಗ್ದೆ ಸುಳ್ಳು ಬೇರೆ."

"ಇಲ್ಲಪ್ಪ. ಮಧ್ಯದಲ್ಲೇ ಇತ್ತು."

ಆಗ ನೀನು ಎದ್ದು ಮಗನ ಮುಂದೆ ಅಡ್ಡ ನಿಂತೆ. "ನನ್ ಮಗ ಸುಳ್ಳು ಹೇಳಲ್ಲ. ಅವನ ಕಣ್ಣಿಗೆ ಮಧ್ಯದಲ್ಲೇ ಕಂಡಿದೆ. ಕಾಣೋ ಹಾಗೆ ಮಾಡಿರೋದು ಅವನು, ಆ ಸತ್ತೋನು. ದಾರ ಬಿಚ್ಚಿದ್ದು ನಾನು. ಬೈಯೋದಿದ್ರೆ ನನ್ನ ಬೈರಿ."

ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದವು. ಅಲ್ಲಿ ಎರಡು ವಾದಗಳಿದ್ದವು, ಎರಡೂ ತಪ್ಪು. ಸರಿಯಾದ ಮೂರನೆಯದು ಗೊತ್ತಿದ್ದದ್ದು ನನಗೊಬ್ಬಳಿಗೇ. ಮಾತಾಡುವುದನ್ನೇ ಕಲಿತವಳು ಮಗ್ಗದ ಸದ್ದಿನ ಹಿಂದೆ ನಿಂತು ಸುಮ್ಮನಿದ್ದೆ.

ಆಗ ನನಗೆ ಅನಿಸಿದ್ದು ನೀನು ಮೂಢನಂಬಿಕೆಗೆ ಇನ್ನಷ್ಟು ಅಂಟಿಕೊಂಡೆ ಎಂದು. ಅರ್ಥವಾಗಲು ಬಹಳ ದಿನ ಬೇಕಾಯಿತು. ಮಗ ಸುಳ್ಳ ಅನ್ನಬೇಕು, ಇಲ್ಲವೇ ದೆವ್ವವಿದೆ ಅನ್ನಬೇಕು. ನಾನು ನಿನಗೆ ಉಳಿಸಿದ್ದು ಅವೆರಡೇ. ನೀನು ದೆವ್ವವನ್ನು ಆರಿಸಿಕೊಂಡೆ. ಅದರ ಜೊತೆಗೆ ಬಂದ ತಪ್ಪನ್ನೂ ನಿನ್ನ ಮೇಲೆ ಎಳೆದುಕೊಂಡೆ. ಆ ದೆವ್ವವನ್ನು ಮನೆಗೆ ತಂದವಳು ನಾನು, ದೆವ್ವವಿಲ್ಲ ಎಂದು ಸಾಧಿಸಲು ಹೋದವಳು.

ಪ್ರದೀಪಣ್ಣನ ಬೆರಳುಗಳು ಈಗಲೂ ಪೂರ್ತಿ ಮಡಚುವುದಿಲ್ಲ. ಮಗ್ಗದ ಮೇಲೆ ಹಾಸಿದ ನೂಲಿನ ಎಳೆ ತುಂಡಾದರೆ ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುತ್ತಿದ್ದವನು, ಈಗ ಮಗ್ಗ ನಿಲ್ಲಿಸಿ ನಿನ್ನನ್ನು ಕರೆಯುತ್ತಾನೆ. ವ್ಯಾನಿನ ಕೀಲಿ ಇವತ್ತಿಗೂ ದೊಡ್ಡಪ್ಪನ ಜೇಬಿನಲ್ಲಿ. ಮೊನ್ನೆ ಅವನು ಅದನ್ನು ಕೇಳಿದಾಗ, "ಮುಳ್ಳು ನೋಡಕ್ಕೆ ಬರೋರಿಗೆ ಕೊಡ್ತೀನಿ" ಅಂದರು. ಅವನು ಎದ್ದು ಹೋದ. ಮಧ್ಯದಲ್ಲೇ ಇತ್ತು ಎಂದು ಹೇಳುವುದನ್ನೂ ಅವನು ಬಿಟ್ಟಿದ್ದಾನೆ. ನಿಜ ಹೇಳಿದವನು ತನ್ನ ನಿಜದ ಮೇಲೆ ತಾನೇ ನಂಬಿಕೆ ಕಳೆದುಕೊಳ್ಳುತ್ತಿದ್ದಾನೆ. ನನ್ನನ್ನು ಬರೆಯಲು ಕೂರಿಸಿದ್ದು ಅದು.

ಅದೇ ದಿನ ನೀನು ನನ್ನ ಸ್ಕೂಟರಿಗೆ ಒಂದು ಕರಿದಾರ ಕಟ್ಟಿದೆ. ಬೇಡ ಅನ್ನುತ್ತೇನೆಂದು ನನ್ನ ಮುಖ ನೋಡದೆ ಕಟ್ಟಿದೆ. "ನಿನಗಾದ್ರೂ ಏನೂ ಆಗ್ದೆ ಇರ್ಲಿ ಬಿಡೇ."

ಭಾನುವಾರ ನೀವು ಮೂವರೂ ಮನೆಯಲ್ಲಿರುವಾಗ ಇದನ್ನು ನಿಮ್ಮೆದುರು ಓದುತ್ತೇನೆ. ಖಾದರ್ ಭಾಯ್‌ಗೂ ಬರಲು ಹೇಳಿದ್ದೇನೆ. ಕಿತ್ತಿಟ್ಟ ತುಣುಕು ನನ್ನ ಬಳಿಯೇ ಇದೆ. ಅವರು ಅದನ್ನು ಅದೇ ತಂತಿಗೆ ಮತ್ತೆ ಸೇರಿಸಿ ಎಂಜಿನ್ ಚಾಲೂ ಮಾಡಲಿ, ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ದೊಡ್ಡಪ್ಪ ತಮ್ಮ ಕಣ್ಣಾರೆ ನೋಡಲಿ. ಪ್ರದೀಪಣ್ಣನೂ ನೋಡಲಿ. ಓದುವ ಮೊದಲು ಮಗ್ಗಗಳನ್ನು ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ. ಆ ಸದ್ದಿನಲ್ಲಿ ಹೇಳಿ, ಹೇಳಿಯಾಯಿತು ಎಂದುಕೊಳ್ಳುವುದು ನನಗೆ ತುಂಬ ಸುಲಭ.

ದಾರಕ್ಕೆ ಶಕ್ತಿಯಿದೆ ಎಂದು ಈಗಲೂ ನಾನು ನಂಬುವುದಿಲ್ಲ ದೊಡ್ಡಮ್ಮ, ಅದರಲ್ಲೂ ಸುಳ್ಳು ಹೇಳಲಾರೆ. ಆದರೆ ಸ್ಕೂಟರಿನ ಮೇಲಿರುವುದನ್ನು ನಾನು ಬಿಚ್ಚುವುದಿಲ್ಲ. ಎಲ್ಲ ಕೇಳಿದ ಮೇಲೂ ಅದು ಅಲ್ಲಿರಬೇಕೋ ಬೇಡವೋ, ಈ ಸಲ ನಿನ್ನ ಇಷ್ಟ.